ಹಿತ್ತಿಲಿನ ಹಳೆಯ ವಾಷಿಂಗ್ ಮೆಷೀನು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ವಿಜ್ಞಾನದ ಮೇಷ್ಟ್ರಿಗೇಕೆ ಗಾದೆಯ ಗೊಡವೆ ಎಂದು ಕೇಳಬೇಡಿ. ಕನ್ನಡ ಪಂಡಿತರು ರಜೆ ಹಾಕಿದ ದಿನ ಅವರ ಪಿರಿಯಡ್ಡು ನನ್ನ ತಲೆಗೇ ಬರುತ್ತಿತ್ತೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಗಾದೆಯ ಅರ್ಥ ನನಗೇ ಸರಿಯಾಗಿ ತಿಳಿದದ್ದು ಮಾತ್ರ ಕಳೆದ ವರ್ಷ, ಬೋಗಾದಿಯ ನಮ್ಮ ಮನೆಯ ಹಿತ್ತಿಲಿನಲ್ಲಿ, ತುಕ್ಕು ಹಿಡಿದ ಒಂದು ವಾಷಿಂಗ್ ಮೆಷೀನಿನ ಮುಂದೆ ಕುಳಿತಾಗ.

ಆ ಯಂತ್ರ ನಮ್ಮ ಮನೆಗೆ ಬಂದದ್ದು 1995ರಲ್ಲಿ. ಆಗ ನಮ್ಮ ಮನೆಯ ಹಿಂದೆ ರಾಗಿ ಹೊಲವಿತ್ತು. ಹಿತ್ತಿಲಿನಲ್ಲಿ ಒಗೆಯುವ ಕಲ್ಲಿತ್ತು. ದೂರದರ್ಶನದಲ್ಲಿ ವಾಷಿಂಗ್ ಮೆಷೀನಿನ ಜಾಹೀರಾತುಗಳು ಬಂದಾಗಲೆಲ್ಲ ನನ್ನ ಶ್ರೀಮತಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನೋಡುತ್ತಿದ್ದಳು. ನಾನೋ, ‘ಕೈಯಲ್ಲಿ ಒಗೆದರೆ ವ್ಯಾಯಾಮ, ಕರೆಂಟಿನ ಉಳಿತಾಯ’ ಎಂದು ಉಪದೇಶ ಮಾಡುತ್ತಿದ್ದೆ. ನಾನು ಆ ವ್ಯಾಯಾಮವನ್ನು ಒಂದು ದಿನವೂ ಮಾಡಿದವನಲ್ಲ. ಮಾರ್ಗಶಿರದ ಚಳಿಯಲ್ಲಿ ಅವಳ ಬೆರಳ ಸಂದುಗಳು ಸೋಪಿನಿಂದ ಒಡೆದು ಉರಿಯುತ್ತಿದ್ದುದನ್ನು ಕಂಡೂ ಕಾಣದವನಂತಿದ್ದೆ. ಕೊನೆಗೆ ಅವಳೇ ನೆರೆಹೊರೆಯವರೊಡನೆ ಚೀಟಿ ಕಟ್ಟಿ, ಆ ಹಣದಲ್ಲಿ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರವೊಂದನ್ನು ತರಿಸಿದಳು. ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಆ ಎರಡನೆಯದನ್ನು ನಮ್ಮ ಕಡೆಯವರೆಲ್ಲ ‘ಡ್ರೈಯರ್’ ಎಂದೇ ಕರೆಯುತ್ತಾರಾದರೂ ಅದು ಬಿಸಿ ಗಾಳಿಯಿಂದ ಒಣಗಿಸುವ ಯಂತ್ರವಲ್ಲ. ಗಿರಗಿರನೆ ತಿರುಗಿ ನೀರನ್ನು ಹೊರದೂಡುವ ಸಣ್ಣ ತೊಟ್ಟಿ, ಅಷ್ಟೆ. ಮಿಕ್ಕದ್ದನ್ನು ಮೈಸೂರಿನ ಬಿಸಿಲೇ ಮಾಡಬೇಕು.

ಸ್ವೀಡನ್ ದೇಶದ ವೈದ್ಯ ಹಾನ್ಸ್ ರೋಸ್ಲಿಂಗ್ 2010ರಲ್ಲಿ ವಾಷಿಂಗ್ ಮೆಷೀನಿನ ಬಗ್ಗೆಯೇ ಒಂದು ಉಪನ್ಯಾಸ ನೀಡಿದ್ದರು. ಮನೆಗೆ ಮೊದಲ ಯಂತ್ರ ಬಂದ ದಿನ ಅವರ ಅಜ್ಜಿ ಅದರ ಮುಂದೆ ಕುಳಿತು, ಅದು ಒಗೆಯುವುದನ್ನು ಪೂರ್ತಿ ನೋಡಿದ್ದರಂತೆ. ಬಟ್ಟೆ ಒಗೆಯುವುದರಿಂದ ಬಿಡುವಾದ ಸಮಯದಲ್ಲಿ ತಾಯಿ ತಮ್ಮನ್ನು ಗ್ರಂಥಾಲಯಕ್ಕೆ ಕರೆದೊಯ್ದರು ಎಂದು ಅವರು ಹೇಳುತ್ತಾರೆ. ಅದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು. ನಮ್ಮ ಮಗಳಿಗೆ ಸಂಜೆಯ ಹೊತ್ತು ಅವಳ ತಾಯಿ ಲೆಕ್ಕ ಹೇಳಿಕೊಡಲು ತೊಡಗಿದ್ದು 1995ರ ನಂತರವೇ. ಅದಕ್ಕೆ ಕಾರಣವೇನೆಂದು ನಾನು ಎಂದೂ ಯೋಚಿಸಿರಲಿಲ್ಲ.

ಇಪ್ಪತ್ತೆರಡು ವರ್ಷ ದುಡಿದು 2017ರಲ್ಲಿ ಆ ಯಂತ್ರ ನಿಂತಿತು. ಮಗಳು ಪೂರ್ಣ ಸ್ವಯಂಚಾಲಿತವಾದ ಹೊಸದೊಂದನ್ನು ಕಳುಹಿಸಿದಳು. ಹಳೆಯದು ಹಿತ್ತಿಲಿನ ಶೀಟಿನಡಿ ಸೇರಿ ತೆಂಗಿನಕಾಯಿ ಇಡುವ ಸ್ಟ್ಯಾಂಡಾಯಿತು. ಈ ನಡುವೆ ಸಕ್ಕರೆ ಕಾಯಿಲೆ ನನ್ನಾಕೆಯ ಕಣ್ಣಿನ ರೆಟಿನಾವನ್ನು ಹಾಳುಮಾಡುತ್ತಾ ಬಂತು. ಚಿಕಿತ್ಸೆಯಿಂದ ಇನ್ನಷ್ಟು ಕೆಡುವುದು ತಪ್ಪಿತಾದರೂ ಹೋದ ದೃಷ್ಟಿ ಮರಳಲಿಲ್ಲ. ಈಗ ಅವಳಿಗೆ ಬೆಳಕು, ನೆರಳು, ಮನುಷ್ಯರ ಆಕಾರ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಅಡುಗೆಮನೆಯನ್ನು ಕೈಯಳತೆಯಲ್ಲಿ ನಿಭಾಯಿಸಿಕೊಂಡಳು. ಹೊಸ ಮೆಷೀನು ಮಾತ್ರ ಅವಳಿಗೆ ಒಲಿಯಲಿಲ್ಲ. ಅದರಲ್ಲಿ ತಿರುಗಿಸುವ ಗುಬುಟುಗಳಿಲ್ಲ. ನುಣ್ಣನೆಯ ಗಾಜಿನ ಹಿಂದೆ ಹೊಳೆಯುವ ಚಿಹ್ನೆಗಳು ಮಾತ್ರ.

“ಗೋಡೆ ಮುಟ್ಟಿದ ಹಾಗಾಗುತ್ತೆ ರೀ. ಒತ್ತಿದೆನೋ ಇಲ್ಲವೋ ಗೊತ್ತೇ ಆಗೋಲ್ಲ” ಎಂದಳು ಒಂದು ದಿನ. ನಾನು ಧಾರಾಳವಾಗಿ, “ನಾನೇ ಹಾಕಿಕೊಡ್ತೀನಿ ಬಿಡು, ನೀನು ಕೂತ್ಕೊ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲದಕ್ಕೂ ಕೂತ್ಕೊ ಅಂದ್ರೆ ನಾನು ಇರೋದಾದರೂ ಯಾತಕ್ಕೆ?” ಎಂದಳು. ಹಳೆಯ ಮೆಷೀನಾಗಿದ್ದರೆ ಕಣ್ಣು ಮುಚ್ಚಿಕೊಂಡೇ ನಡೆಸುತ್ತಿದ್ದೆ ಎಂದೂ ಸೇರಿಸಿದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ತೆಂಗಿನಕಾಯಿಗಳನ್ನು ಕೆಳಗಿಳಿಸಿದೆ.

ರಿಪೇರಿಯ ಹುಡುಗ ಬಂದು ನೋಡಿ, “ಸಾರ್, ಇದನ್ನ ಗುಜರಿಗೆ ಹಾಕಿ” ಎಂದು ಕೈಮುಗಿದು ಹೋದ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷ ಒಂದು ಜಾಲತಾಣವನ್ನೂ ತೆರೆದಿದೆ. ಆದರೆ ನಮ್ಮ ಯಂತ್ರದ ವಯಸ್ಸಿಗೆ ಅವೆಲ್ಲ ಬಹಳ ತಡವಾಗಿ ಬಂದವು. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿದು ನಾನೇ ಕುಳಿತೆ.

ಹಿಂಬದಿಯ ತಗಡು ಬಿಚ್ಚಿದಾಗ ಕಂಡದ್ದು ಬಹಳ ಸರಳವಾದ ಲೋಕ. ಎರಡು ಮೋಟಾರು: ಒಂದು ಬೆಲ್ಟಿನ ಮೂಲಕ ಒಗೆಯುವ ತೊಟ್ಟಿಯ ತಳದ ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಡ್ರೈಯರಿನ ತೊಟ್ಟಿಗೆ ನೇರವಾಗಿ ಜೋಡಿಸಿದ್ದು. ಜೊತೆಗೆ ಕೀ ಕೊಡುವ ಗಡಿಯಾರದಂತಹ ಎರಡು ಟೈಮರುಗಳು ಮತ್ತು ಒಂದು ಕೆಪ್ಯಾಸಿಟರ್. ಅಂಗಡಿಯವರ ಭಾಷೆಯಲ್ಲಿ ಅದು ‘ಕಂಡೆನ್ಸರ್’. ಪ್ಲಗ್ ಕಿತ್ತಮೇಲೂ ಕೆಪ್ಯಾಸಿಟರಿನಲ್ಲಿ ವಿದ್ಯುದಾವೇಶ ಉಳಿದಿರಬಹುದೆಂದು ನಿಮಗೆಲ್ಲ ಪಾಠ ಮಾಡಿದ್ದೆನಲ್ಲ, ಆ ಪಾಠವನ್ನು ನೆನೆದು ಹಳೆಯ ಬಲ್ಬೊಂದರ ತಂತಿಗಳನ್ನು ಅದಕ್ಕೆ ಮುಟ್ಟಿಸಿ ಬರಿದು ಮಾಡಿಯೇ ಕೈಹಾಕಿದೆ. ಕೆಪ್ಯಾಸಿಟರ್ ಹೊಟ್ಟೆಯುಬ್ಬಿಕೊಂಡಿತ್ತು. 2017ರಲ್ಲಿ ಮೋಟಾರು ತಿರುಗದೆ ಬರೀ ಗುಂಯ್‌ಗುಡುತ್ತಿದ್ದುದಕ್ಕೆ ಕಾರಣ ಅದೇ. ಇಂತಹ ಮೋಟಾರು ಹೊರಡಬೇಕಾದರೆ ಅದರ ಎರಡು ಸುರುಳಿಗಳಲ್ಲಿ ಹರಿಯುವ ವಿದ್ಯುತ್ತು ಒಂದಕ್ಕೊಂದು ಹಿಂದೆ ಮುಂದೆ ಇರಬೇಕು. ಆ ವ್ಯತ್ಯಾಸವನ್ನು ಉಂಟುಮಾಡುವುದೇ ಕೆಪ್ಯಾಸಿಟರಿನ ಕೆಲಸ. ಶಿವರಾಮಪೇಟೆಯ ಅಂಗಡಿಯೊಂದರಲ್ಲಿ ಅದೇ ಅಳತೆಯದು ಸಿಕ್ಕಿತು, ಬೆಲ್ಟೂ ಸಿಕ್ಕಿತು.

ಮುಂದಿನ ಮೂರು ವಾರ ಹೋದದ್ದು ಬೇರೆ ಕೆಲಸಗಳಿಗೆ. ಬೋರ್‌ವೆಲ್ ನೀರಿನ ಸುಣ್ಣ ಕೊಳವೆಯೊಳಗೆ ಬಿಳಿಯ ಪದರವಾಗಿ ಕೂತಿತ್ತು. ಅದನ್ನು ನಿಂಬೆಹಣ್ಣಿನ ರಸದಲ್ಲಿ ನೆನೆಸಿ ಕರಗಿಸಿದೆ. ತಳದ ಚಕ್ರದಡಿಯಲ್ಲಿ ನಾಲ್ಕು ಷರಟಿನ ಗುಂಡಿ, ಒಂದು ನಾಲ್ಕಾಣೆ ಮತ್ತು ನನ್ನ ಕೆಂಪು ಪೆನ್ನಿನ ಕ್ಯಾಪು ಸಿಕ್ಕವು. ಡ್ರೈಯರಿನ ಕೆಳಗಿನ ರಬ್ಬರ್ ಸೀಲು ಬಿರುಕು ಬಿಟ್ಟಿತ್ತು. ಅದು ಸೋರಿದರೆ ನೀರು ನೇರ ಮೋಟಾರಿನ ಮೇಲೆಯೇ ಬೀಳುತ್ತದೆ. ನಾನು ಅದನ್ನು ಅಂಟು ಹಚ್ಚಿ ಉಳಿಸಲು ನೋಡಿ, ಹಿತ್ತಿಲನ್ನೆಲ್ಲ ಕೆರೆ ಮಾಡಿ, ಕೊನೆಗೆ ಹೊಸದನ್ನೇ ತಂದೆ. ತುಕ್ಕು ಹಿಡಿದ ತಗಡನ್ನು ಉಜ್ಜಿ ಬಣ್ಣ ಬಳಿದೆ. ತಗಡಿನ ಮೈಗೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್ ಸೋರಿಕೆಗೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನೂ ಹಾಕಿಸಿದೆ.

ನನಗೆ ಹೆಚ್ಚಿನ ಭಯವಿದ್ದದ್ದು ಡ್ರೈಯರಿನದು. ಅದು ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ಅಕ್ಷದಿಂದ 12 ಸೆಂಟಿಮೀಟರ್ ದೂರದಲ್ಲಿರುವ ಬಟ್ಟೆ ತನ್ನ ತೂಕದ 200 ಪಟ್ಟಿಗೂ ಹೆಚ್ಚಿನ ಬಲದಿಂದ ತೊಟ್ಟಿಯ ಗೋಡೆಗೆ ಒತ್ತಿಕೊಳ್ಳುತ್ತದೆ; ರಂಧ್ರಗಳ ಎದುರಿಗಿರುವ ನೀರನ್ನು ತಡೆಯುವವರಿಲ್ಲದೆ ಅದು ಹೊರಗೆ ಹಾರುತ್ತದೆ. ಕೇಂದ್ರಾಪಗಾಮಿ ಬಲಕ್ಕೆ ಉದಾಹರಣೆಯಾಗಿ ಮೂವತ್ತು ವರ್ಷ ಇದನ್ನೇ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆದರೆ ಕಣ್ಣು ಮಸುಕಾದವರು ಅದು ನಿಂತಿದೆಯೆಂದು ಭಾವಿಸಿ ಕೈಹಾಕಿದರೆ? ಮುಚ್ಚಳ ತೆರೆದೊಡನೆ ಕರೆಂಟು ಕಡಿದು ಬ್ರೇಕು ಹಿಡಿಯಬೇಕು. ಬ್ರೇಕಿನ ತಂತಿ ಸಡಿಲವಾಗಿತ್ತು. ಅದನ್ನು ಬಿಗಿಗೊಳಿಸಿ, ತೊಟ್ಟಿ ಕೆಲವೇ ಕ್ಷಣಗಳಲ್ಲಿ ನಿಲ್ಲುವುದನ್ನು ಇಪ್ಪತ್ತು ಸಲ ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಒಂದು ಶನಿವಾರ ನೀರು ತುಂಬಿಸಿ ನಾಲ್ಕು ಟವಲು ಹಾಕಿ ಟೈಮರ್ ತಿರುಗಿಸಿದೆ. ಟಿಕ್ ಟಿಕ್ ಸದ್ದು, ಬಳಿಕ ನೀರು ಸುಳಿಸುಳಿಯಾಗಿ ತಿರುಗಲು ಆರಂಭಿಸಿತು. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದ ಹುಡುಗನಂತೆ ಹಿಗ್ಗಿ, “ಬಾ, ನೋಡು ಬಾ!” ಎಂದು ಕೂಗಿದೆ. ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕಿಟಕಿಯಿಂದಲೇ, “ಒಂದೇ ಕಡೆ ತಿರುಗ್ತಾ ಇದೆ ರೀ. ಬಟ್ಟೆ ಗಂಟು ಬೀಳುತ್ತೆ, ಆಫ್ ಮಾಡಿ” ಎಂದಳು.

ನಾನು ಬಗ್ಗಿ ನೋಡಿದೆ. ನಿಜ! ಚಕ್ರ ಬಲಕ್ಕೆ ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಲಕ್ಕೇ ತಿರುಗುತ್ತಿತ್ತು. ಟೈಮರು ಕೆಪ್ಯಾಸಿಟರಿನ ಸಂಪರ್ಕವನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ಬದಲಿಸಿದಾಗ ಮೋಟಾರಿನ ದಿಕ್ಕು ಬದಲಾಗಬೇಕು. ಬಿಚ್ಚಿ ನೋಡಿದರೆ ಟೈಮರಿನ ಒಂದು ತಂತಿ ಕಳಚಿಕೊಂಡಿತ್ತು. ಅದು ಕೂರುವ ಜಾಗವೂ ಕಪ್ಪಾಗಿತ್ತು. ಉಪ್ಪುಕಾಗದದಿಂದ ಉಜ್ಜಿ ಸಿಕ್ಕಿಸಿದೆ. ಎರಡು ಕಣ್ಣೂ ನೆಟ್ಟಗಿರುವ ನಾನು ಮೂರಡಿ ದೂರದಲ್ಲಿ ನಿಂತು ಕಾಣದ್ದನ್ನು ಅವಳು ಗೋಡೆಯ ಆಚೆಯಿಂದ ಕೇಳಿದ್ದಳು. ಆ ಯಂತ್ರದೊಳಗಿನ ವಿಜ್ಞಾನ ನನಗೆ ಗೊತ್ತಿದೆಯೆಂದು ಇಷ್ಟು ವರ್ಷ ನಂಬಿದ್ದೆ. ಯಂತ್ರ ಗೊತ್ತಿದ್ದದ್ದು ಅವಳಿಗೆ.

ಆಮೇಲೆ ಅವಳು ಬಂದಳು. ಮೈಯನ್ನು ಒಮ್ಮೆ ತಡವಿದಳು. ಗುಬುಟುಗಳ ಮೇಲೆ ಬೆರಳಿಟ್ಟು ತಿರುಗಿಸಿದಳು. ಟವಲುಗಳನ್ನು ಹಿಂಡಿ ಡ್ರೈಯರಿನೊಳಗೆ ಸುತ್ತಲೂ ಸಮನಾಗಿ ಒತ್ತಿ, ನಾನು ಗುಡ್ಡೆ ಹಾಕಿದ್ದ ರೀತಿಗೆ, “ಹೀಗೆ ತುಂಬಿದರೆ ಮೆಷೀನು ಕುಣಿದು ಬಾಗಿಲಿಗೆ ಬಂದುಬಿಡುತ್ತೆ” ಎಂದು ನಕ್ಕಳು. ಕೈಯನ್ನು ಮುಚ್ಚಳದ ಮೇಲಿಟ್ಟು, ಅದುರುವಿಕೆ ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆಯೇ ತೆರೆದಳು. ನಾನು ಹೇಳಿಕೊಡಬೇಕೆಂದಿದ್ದ ಎಚ್ಚರಿಕೆಯ ಪಾಠ ಬಾಯಲ್ಲೇ ಉಳಿಯಿತು.

ಈಗ ಬುಧವಾರ ಮತ್ತು ಶನಿವಾರ ನಮ್ಮ ಮನೆಯಲ್ಲಿ ಬಟ್ಟೆಯ ದಿನ. ಬಣ್ಣ ಬಿಡುವ ಬಟ್ಟೆ ಬೇರೆ ಮಾಡಿಕೊಡುವುದು ಮತ್ತು ತಂತಿಯ ಮೇಲೆ ಹರವುವುದು ನನ್ನ ಪಾಲಿನ ಕೆಲಸ. ಉಳಿದದ್ದಕ್ಕೆ ನಾನು ಹತ್ತಿರ ಸುಳಿಯುವಂತಿಲ್ಲ. ಹೊಸ ಮೆಷೀನು ಮಗಳು, ಮೊಮ್ಮಕ್ಕಳು ಬಂದಾಗ ಕೆಲಸಕ್ಕೆ ಬರುತ್ತದೆ. ಹಳೆಯದು ಎಷ್ಟು ದಿನ ನಡೆಯುವುದೋ ಹೇಳಲಾರೆ. ಇನ್ನೊಂದು ಕಂಡೆನ್ಸರ್ ಮತ್ತು ಬೆಲ್ಟು ತಂದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ.

ಮೊನ್ನೆ ಪತ್ರಿಕೆ ಓದುತ್ತಾ ಕುಳಿತಿದ್ದಾಗ ಹಿತ್ತಿಲಿನಿಂದ ಆ ಸದ್ದು ಕೇಳಿತು. ಪತ್ರಿಕೆ ಮಡಿಸಿ ಕಿವಿಗೊಟ್ಟೆ. ಬಲಕ್ಕೆ ಒಂದಿಷ್ಟು, ಒಂದು ಬಿಡುವು, ಎಡಕ್ಕೆ ಒಂದಿಷ್ಟು. ಎಪ್ಪತ್ತು ದಾಟಿದ ಮೇಲೆ ನಾನೂ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ.