ಬರಲಿರುವ ಮೆಷಿನ್ನು ಮತ್ತು ಅಕ್ಕನ ಉಯ್ಯಾಲೆ

ನಮ್ಮ ಮನೆಯ ಕಾರ್ ಷೆಡ್ಡಿನಲ್ಲಿ ಕಾರಿಲ್ಲ. ಕಾರು ಹೊರಗೆ ಬಿಸಿಲಲ್ಲಿ, ಮಳೆಯಲ್ಲಿ ನಿಂತಿರುತ್ತದೆ. ಒಳಗೆ ಇರೋದು ನನ್ನ ಮರಗೆಲಸದ ಮೆಷಿನ್ನು. ಹೈಸ್ಕೂಲಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ವರ್ಷ, ಯಾರೋ ಬಡಗಿಯೊಬ್ಬರು ಮಾರುತ್ತಿದ್ದ ಹಳೇ ಮೆಷಿನ್ನನ್ನು ತಂದು ಅಲ್ಲಿ ಕೂರಿಸಿದೆ. ಅವತ್ತಿನಿಂದ ನನ್ನ ಹೆಂಡತಿ ಅದನ್ನು "ನಿಮ್ಮ ಎರಡನೇ ಸಂಸಾರ" ಅಂತಲೇ ಕರೆಯುತ್ತಾಳೆ.

ಎರಕದ ಕಬ್ಬಿಣದ ಒಂದು ಮೈ, ಎರಡು ಹೆಚ್.ಪಿ. ಮೋಟಾರು, ಒಂದು ಬೆಲ್ಟು. ಅಷ್ಟರಲ್ಲೇ ಹಲಗೆ ಸೀಳುವ ಗರಗಸ, ಮೇಲ್ಮೈ ನಯ ಮಾಡುವ ಪ್ಲೇನರ್, ತೂತು ಕೊರೆಯುವ ಡ್ರಿಲ್, ಉಳಿ ಹದ ಮಾಡುವ ಸಾಣೆಕಲ್ಲು. ನಮ್ಮ ಕಡೆ ಬಹಳಷ್ಟು ಬಡಗಿಗಳ ಹತ್ತಿರ ಇರೋದು ಇಂಥದ್ದೇ. ಒಂದೇ ಯಂತ್ರದಲ್ಲಿ ಹತ್ತು ಕೆಲಸ ಅನ್ನೋ ಯೋಚನೆ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ಎನ್ನುವವರು ಮನೆಯ ಮೂಲೆಯಲ್ಲಿ ಹಿಡಿಸುವಂಥ 'ಶಾಪ್‌ಸ್ಮಿತ್' ಎಂಬ ಯಂತ್ರ ಮಾಡಿದರು. 1947ರಲ್ಲಿ ಅದು ಮಾರುಕಟ್ಟೆಗೆ ಬಂತು. ಗರಗಸ, ಕಡೆಯುವ ಲೇತು, ಡ್ರಿಲ್ಲು, ಮರಳುಕಾಗದದ ಚಕ್ರ ಎಲ್ಲಾ ಒಂದೇ ಮೋಟಾರಿಗೆ. ಜಾಗ ಕಡಿಮೆ, ಆಸೆ ಜಾಸ್ತಿ ಇರುವ ನನ್ನಂಥವರು ಎಲ್ಲಾ ದೇಶದಲ್ಲೂ ಇದ್ದಾರೆ ಅಂತಾಯ್ತು.

ವಿಷಯ ಅದಲ್ಲ. ಕಳೆದ ಒಂದು ವರ್ಷದಿಂದ ನಾನು ಇದೇ ಜಾತಿಯ ಹೊಸ ಮಾದರಿಯೊಂದಕ್ಕೆ ಕಾಯುತ್ತಿದ್ದೇನೆ. ನನಗಿಂತ ಹೆಚ್ಚಾಗಿ ನನ್ನ ಅಕ್ಕ ಕಾಯುತ್ತಿದ್ದಳು. ಆ ಕಥೆ ಹೇಳಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ ಒಂದು ಉಯ್ಯಾಲೆ ಇತ್ತು. ನಾಲ್ಕೂವರೆ ಅಡಿ ಉದ್ದ, ಎರಡಡಿ ಅಗಲ. ಅಮ್ಮ ಅದರ ಮೇಲೆ ಕಾಲು ಮಡಚಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಅಮ್ಮ ಹೋದ ಮೇಲೆ ಮನೆ ಖಾಲಿ ಬಿತ್ತು, ಉಯ್ಯಾಲೆಗೆ ಗೆದ್ದಲು ಹತ್ತಿತು. 2019ರ ಆಗಸ್ಟ್ ಮಳೆಯಲ್ಲಿ ಬಾವಿಕಟ್ಟೆ ಪಕ್ಕದ ಹಲಸಿನ ಮರವೂ ಬಿತ್ತು. ಅಕ್ಕನ ಮದುವೆ ಚಪ್ಪರ ಹಾಕಿದ್ದು ಅದೇ ಮರದ ಬುಡದಲ್ಲಿ. ಸುದ್ದಿ ಕೇಳಿದವಳೇ ಫೋನಿನಲ್ಲಿ ಹೇಳಿದಳು: "ಅದನ್ನ ಸೌದೆ ಮಾಡ್ಬೇಡ ಮಾರಾಯ. ನಂಗೊಂದು ಉಯ್ಯಾಲೆ ಮಾಡ್ಕೊಡು. ಅಮ್ಮಂದು ಇತ್ತಲ್ಲ, ಅದೇ ಅಳತೆ."

ಸಾಮಿಲ್ಲಿನಲ್ಲಿ ಎರಡಿಂಚು ದಪ್ಪಕ್ಕೆ ಕೊಯ್ಸಿದೆ. ಎಂಟು ಹಲಗೆ ಬಂತು, ಒಂದೊಂದೂ ಹದಿಮೂರು ಇಂಚು ಅಗಲ. ತುದಿಗಳು ಬಿರಿಯದಂತೆ ಬಣ್ಣ ಬಳಿದು, ನಡುನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಅಟ್ಟದಲ್ಲಿ ಪೇರಿಸಿಟ್ಟೆ. ಹಲಗೆ ಒಣಗಲು ಇಂಚಿಗೆ ಒಂದು ವರ್ಷ ಅನ್ನೋದು ಬಡಗಿಗಳ ಲೆಕ್ಕ. ಎರಡಿಂಚಿಗೆ ಎರಡು ವರ್ಷ. ನಮ್ಮ ಮಲೆನಾಡಿನ ಮಳೆಗೆ ಇನ್ನೊಂದು ವರ್ಷ ಸೇರಿಸಿ ಅಂದರು ಆಚಾರ್ರು. ಹಲಸು ಒಳ್ಳೇ ಮರ. ವೀಣೆಗೂ ಮೃದಂಗಕ್ಕೂ ಇದೇ ಬೇಕು. ಕೊಯ್ದ ಹೊಸದರಲ್ಲಿ ಅರಿಶಿನದ ಹಾಗೆ ಹಳದಿ, ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಮೂರು ವರ್ಷ ಕಳೆಯಿತು. ಹಲಗೆ ಒಣಗಿತು. ಆಗ ಎದುರಾಯ್ತು ಮೊದಲ ತೊಡಕು. ನನ್ನ ಮೆಷಿನ್ನಿನ ಪ್ಲೇನರ್ ಅಗಲ ಒಂಬತ್ತೇ ಇಂಚು. ಹದಿಮೂರು ಇಂಚಿನ ಹಲಗೆ ಅದರ ಮೇಲೆ ಓಡುವುದಿಲ್ಲ. ಸೀಳಿ ಮೂರು ತುಂಡು ಮಾಡಿ ಜೋಡಿಸಿದರೂ ಎರಡಡಿ ಬರುತ್ತದೆ. ಆದರೆ ಸೀಳಬೇಕಾದದ್ದು ಇದೇ ಮೆಷಿನ್ನಿನ ಗರಗಸದಲ್ಲಿ. ಆ ಗರಗಸದ ಮುಂದೆ ನಿಲ್ಲೋದು ಅಷ್ಟರಲ್ಲಿ ನನ್ನಿಂದ ಆಗದ ಕೆಲಸವಾಗಿತ್ತು.

ಅದಕ್ಕೆ ಕಾರಣ ಒಂದು ಏಪ್ರಿಲ್ ಮಧ್ಯಾಹ್ನ. ಸಿಲ್ವರ್ ಓಕಿನ ತುಂಡೊಂದನ್ನು ಸೀಳುತ್ತಿದ್ದೆ. ನಡುವೆ ಕರೆಂಟು ಹೋಯಿತು. ಬೇಸಿಗೆಯಲ್ಲಿ ಹೋಗೋದು, ಬರೋದು ಇದ್ದದ್ದೇ. ಬ್ಲೇಡು ಗುಂಯ್ ಅಂತ ಸದ್ದು ಇಳಿಸಿ ನಿಂತಿತು. ನಾನು ಸ್ವಿಚ್ ಆಫ್ ಮಾಡಲಿಲ್ಲ. ಮಾಡಬೇಕಿತ್ತು. ಮಕ್ಕಳಿಗೆ ಪ್ರಯೋಗಾಲಯದಲ್ಲಿ ಸಾವಿರ ಸಲ ಹೇಳಿದವನು ನಾನೇ ಮರೆತೆ. ಬ್ಲೇಡಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡ ಚೂರನ್ನು ಕೈ ಹಾಕಿ ಅಲ್ಲಾಡಿಸುತ್ತಿದ್ದೆ. ಅಷ್ಟರಲ್ಲಿ ಇವಳು "ರೀ, ಕಾಫಿ ಆರ್ತಾ ಇದೆ" ಅಂದಳು. ಕನ್ನಡಕ ಮೇಲೇರಿಸಿಕೊಂಡು ಅವಳ ಕಡೆ ತಿರುಗಿದೆ. ಕರೆಂಟು ಬಂತು.

ಆ ಚೂರು ನನ್ನ ಸೊಂಟದ ಪಕ್ಕದಲ್ಲೇ ಹಾರಿಹೋಗಿ ಹಿಂದಿನ ಗೋಡೆಗೆ ಬಡಿಯಿತು. ಗಾರೆ ಕಿತ್ತು ಬಂತು. ಕಾಫಿ ಲೋಟ ಇವಳ ಕೈಯಿಂದ ಬಿತ್ತು. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಹತ್ತಿಂಚು ವ್ಯಾಸದ ಬ್ಲೇಡು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಕೈ ಹಿಂದೆಗೆಯೋದು ಅಂತ ನಾವು ಏನು ಅಂದುಕೊಂಡಿರ್ತೀವೋ, ಆ ವೇಗದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

"ಇನ್ನು ಆ ಗರಗಸ ಮುಟ್ಟಿದ್ರೆ ನನ್ನಾಣೆ" ಅಂದಳು ಇವಳು. ನಾನೂ ವಾದ ಮಾಡಲಿಲ್ಲ.

ಆ ವರ್ಷವೇ ಬೆಂಗಳೂರಿನ ಒಂದು ವಸ್ತುಪ್ರದರ್ಶನದಲ್ಲಿ ಹೊಸ ಮಾದರಿ ನೋಡಿದ್ದು. ಹೊರರಾಜ್ಯದ ಒಬ್ಬ ತಯಾರಕರದು. ಪ್ಲೇನರ್ ಹದಿಮೂರು ಇಂಚು, ನನ್ನ ಹಲಗೆಗೆ ಅಳತೆ ತೆಗೆದ ಹಾಗೆ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಮೂರು ಸಣ್ಣ ವಸ್ತುಗಳ ಮೇಲೆ.

ಮೊದಲನೆಯದು ಸ್ವಿಚ್ಚು. ಕರೆಂಟು ಹೋದರೆ ಇದು ತಾನೇ ಬಿಟ್ಟುಕೊಳ್ಳುತ್ತದೆ. ಕರೆಂಟು ಬಂದರೂ ನಾವು ಹಸಿರು ಗುಂಡಿ ಒತ್ತುವ ತನಕ ಮೆಷಿನ್ನು ಅಲ್ಲಾಡೋದಿಲ್ಲ. ಒಳಗೆ ಇರೋದು ಹತ್ತನೇ ಕ್ಲಾಸಿನ ಪಾಠವೇ. ತಂತಿಸುರುಳಿಯಲ್ಲಿ ಕರೆಂಟು ಹರಿಯುವಷ್ಟು ಹೊತ್ತು ಅದು ಅಯಸ್ಕಾಂತ, ಸಂಪರ್ಕವನ್ನು ಹಿಡಿದಿಟ್ಟಿರುತ್ತದೆ. ಕರೆಂಟು ನಿಂತರೆ ಹಿಡಿತ ಬಿಡುತ್ತದೆ.

ಎರಡನೆಯದು ಬ್ಲೇಡಿನ ಹಿಂದೆ ನಿಂತಿರುವ ಒಂದು ತೆಳ್ಳನೆ ಉಕ್ಕಿನ ಪಟ್ಟಿ. ಮರ ಸೀಳುವಾಗ ಒಳಗಿನ ಬಿಗಿತದಿಂದ ಕೆಲವೊಮ್ಮೆ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಆಗ ಬ್ಲೇಡು ಹಲಗೆಯನ್ನೇ ಎತ್ತಿ ನಮ್ಮ ಹೊಟ್ಟೆಯ ಕಡೆ ಎಸೆಯುತ್ತದೆ. ಈ ಪಟ್ಟಿ ಸೀಳಿನ ಒಳಗೆ ನಿಂತು ಅದು ಮುಚ್ಚದ ಹಾಗೆ ಕಾಯುತ್ತದೆ. ಬ್ಲೇಡು ಏರಿಸಿದರೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ.

ಮೂರನೆಯದು ಬ್ಲೇಡಿನ ಮೇಲೊಂದು ಮುಚ್ಚಳ, ಮರದ ಪುಡಿ ಎಳೆದುಕೊಳ್ಳಲು ಒಂದು ಕೊಳವೆ. ಆ ನುಣ್ಣನೆ ಪುಡಿ ಶ್ವಾಸಕೋಶಕ್ಕೆ ಎಷ್ಟು ಕೆಟ್ಟದ್ದು ಅಂತ ವಯಸ್ಸಾದ ಬಡಗಿಗಳ ಕೆಮ್ಮು ಕೇಳಿದವರಿಗೆ ಗೊತ್ತು.

ಮುಂಗಡ ಕೊಟ್ಟು ಬಂದೆ. "ಇದು ಪ್ರದರ್ಶನಕ್ಕೆ ತಂದಿದ್ದು ಸಾರ್, ತಯಾರಿಕೆ ಈಗ ಶುರು. ಗಣಪತಿ ಹಬ್ಬಕ್ಕೆ ನಿಮ್ಮ ಮನೇಲಿರುತ್ತೆ" ಅಂದರು.

ಗಣಪತಿ ಬಂದ, ಮುಳುಗಿದ. "ಆಯುಧಪೂಜೆಗೆ" ಅಂದರು. ಆಯುಧಪೂಜೆಗೆ ಹಳೇ ಮೆಷಿನ್ನಿಗೇ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದೆ. "ಎರಕದಲ್ಲಿ ಸ್ವಲ್ಪ ತೊಂದರೆ, ಸಂಕ್ರಾಂತಿಗೆ ಗ್ಯಾರಂಟಿ" ಅಂದರು. ಸಂಕ್ರಾಂತಿಗೆ ಎಳ್ಳುಬೆಲ್ಲ ಬಂತು. ಯುಗಾದಿಗೆ ಬೇವುಬೆಲ್ಲ. ಅಷ್ಟೇ.

ನಾನು ಮಾತ್ರ ತಯಾರಿ ನಿಲ್ಲಿಸಲಿಲ್ಲ. ಷೆಡ್ಡಿನ ನೆಲ ಮಟ್ಟ ಮಾಡಿಸಿದೆ. ಹೊಸದರ ಮೂರು ಹೆಚ್.ಪಿ. ಮೋಟಾರು ಅಂದರೆ ಸುಮಾರು 2.2 ಕಿಲೋವ್ಯಾಟ್. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೇ ಬೇರೆ ಲೈನು, ಸರಿಯಾದ ಅರ್ಥಿಂಗು ಮಾಡಿಸಿದೆ. ಆ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಹುಡುಗ ನನ್ನ ಕಥೆ ಕೇಳಿ ನಕ್ಕ. "ಸಾರ್, ಆ ಸ್ವಿಚ್ಚಿಗೋಸ್ಕರ ವರ್ಷಗಟ್ಟಲೆ ಕಾಯ್ತಾ ಇದ್ದೀರಾ? ತೋಟದ ಪಂಪ್‌ಸೆಟ್ಟಿಗೆ ಹಾಕ್ತೀವಲ್ಲ, ಹಸಿರು ಬಟನ್ನು ಕೆಂಪು ಬಟನ್ನಿನ ಸ್ಟಾರ್ಟರು, ಅದೂ ಇದೇ ಅಲ್ವಾ? ಹಳೇದಕ್ಕೆ ಒಂದು ಹಾಕ್ಬಿಡ್ತೀನಿ."

ನಾನು ಬೆಪ್ಪಾದೆ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಆ ಸ್ಟಾರ್ಟರಿನ ಟಪ್ ಅನ್ನೋ ಸದ್ದು ಕೇಳಿಕೊಂಡೇ ಬೆಳೆದವನು ನಾನು. ಅರ್ಧ ದಿನದಲ್ಲಿ ಮೋಟಾರಿಗೆ ತಕ್ಕ ಸಿಂಗಲ್ ಫೇಸ್ ಸ್ಟಾರ್ಟರು ಕೂತಿತು. ಮನೆಯಲ್ಲಿ ಇಂಥ ಹಳೇ ಮೆಷಿನ್ನು ಇಟ್ಟುಕೊಂಡವರು ದಯವಿಟ್ಟು ಇದೊಂದನ್ನು ಮಾಡಿಸಿಕೊಳ್ಳಿ. ತಿಳಿದ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಕರೆಂಟು ಬಂದಾಗ ಪಂಪು ತಾನೇ ಓಡಲಿ ಅಂತ ತೋಟದಲ್ಲಿ ಆಟೋ ಸ್ಟಾರ್ಟರು ಜೋಡಿಸ್ತಾರಲ್ಲ, ಅದು ಮಾತ್ರ ಇಲ್ಲಿ ಬೇಡವೇ ಬೇಡ.

ಸ್ವಿಚ್ಚಿನ ಚಿಂತೆ ಹೋಯಿತು. ಬ್ಲೇಡಿನ ಹಿಂದಿನ ಪಟ್ಟಿ ಕೂರಿಸಲು ಹಳೆಯದರಲ್ಲಿ ಜಾಗವೇ ಇಲ್ಲ. ಅದಕ್ಕೆ ಹೊಸದೇ ಬರಬೇಕು. ಹಾಗಂತ ಮತ್ತೆ ಕಾದೆ.

ಜೂನಿನಲ್ಲಿ ಅಕ್ಕ ಬಚ್ಚಲಲ್ಲಿ ಜಾರಿದಳು. ಮೂಳೆ ಮುರಿಯಲಿಲ್ಲ, ಆದರೆ ಹದಿನೈದು ದಿನ ಹಾಸಿಗೆ. ನೋಡಲು ಹೋದೆ. ಎಪ್ಪತ್ತೆಂಟು ವರ್ಷ ಅವಳಿಗೆ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗದ್ದೆ ಅಂಚಲ್ಲಿ ಓಡಾಡಿದವಳು. ಮಲಗಿದಲ್ಲಿಂದಲೇ ಕೇಳಿದಳು.

"ನಿನ್ನ ಮೆಷಿನ್ನು ಬಂತನಾ?"

"ಇಲ್ಲ ಅಕ್ಕ, ಮುಂದಿನ ತಿಂಗಳು ಅಂತಾರೆ."

"ಹೂಂ. ಅದು ಬರೂದ್ರೊಳಗೆ ನಾನು ಹೋಗ್ತೀನೋ, ನಾನು ಹೋಗೂದ್ರೊಳಗೆ ಅದು ಬರ್ತದೋ, ನೋಡ್ವ."

ತಮಾಷೆಗೇ ಅಂದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಮಂಡಗದ್ದೆಯ ಹತ್ತಿರ ಹೊಳೆ ಕಾಣುವ ತನಕ ಆ ಮಾತು ಕಿವಿಯಿಂದ ಹೋಗಲಿಲ್ಲ. ಅಮ್ಮನ ಕಾಲದ ಉಯ್ಯಾಲೆ ಮಾಡಿದವರ ಹತ್ತಿರ ಪ್ಲೇನರ್ ಇತ್ತೇ? ಕರೆಂಟಾದರೂ ಇತ್ತೇ? ಮೆಷಿನ್ನಿಲ್ಲ ಅಂತ ಹೇಳಿಕೊಂಡು ನಾನು ಮುಂದಕ್ಕೆ ಹಾಕುತ್ತಿದ್ದದ್ದು ಕೆಲಸವನ್ನಲ್ಲ, ಅಕ್ಕನನ್ನು.

ಮಾರನೇ ದಿನ ಆಚಾರ್ರ ಮನೆಗೆ ಹೋದೆ. ಅವರಿಗೆ ಎಪ್ಪತ್ತೊಂದು. ಈಗ ಕೆಲಸ ಬಿಟ್ಟಿದ್ದಾರೆ. ಮಾತು ಮುಗಿಯೋ ಮೊದಲೇ ಅಟ್ಟದಿಂದ ಹತ್ತರಿ ಇಳಿಸಿದರು. ಉದ್ದನೆ ಮೈಯ ಮರದ ಹತ್ತರಿ, ಹಿಡಿ ಸವೆದು ಅವರ ಅಂಗೈ ಆಕಾರಕ್ಕೇ ಬಂದಿತ್ತು.

ಹನ್ನೊಂದು ದಿನ ಹಿಡಿಯಿತು. ಹಲಗೆಯ ಎರಡು ತುದಿಗೆ ಎರಡು ನೇರ ರೀಪು ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಎಲ್ಲಿ ತಿರುಚಿದೆ ಅಂತ ಕಂಡುಕೊಳ್ಳೋದು. ಮೊದಲು ಎಳೆಗೆ ಅಡ್ಡಡ್ಡ ಹೊಡೆದು ಉಬ್ಬು ಇಳಿಸೋದು, ಆಮೇಲೆ ಎಳೆಯುದ್ದಕ್ಕೂ. ನಾನು ಹೊಡೆದರೆ ಪುಡಿ ಬೀಳುತ್ತಿತ್ತು, ಅವರು ಹೊಡೆದರೆ ಸುರುಳಿ. "ಮೇಷ್ಟ್ರೆ, ಅಲಗು ಸಾಣೆ ಸಾಲದು. ಸಿಟ್ಟು ಮಾಡ್ಬೇಡಿ ಅದ್ರ ಮೇಲೆ" ಅನ್ನುತ್ತಿದ್ದರು. ಎರಡು ಹಲಗೆಯ ಅಂಚು ಬೆಳಕು ತೂರದ ಹಾಗೆ ಕೂಡಿಸಲಿಕ್ಕೇ ಎರಡು ದಿನ. ನಡುವೆ ಮರದ ಗೂಟ, ಅಂಟು. ಅಡಿಯಲ್ಲಿ ಎರಡು ಅಡ್ಡಪಟ್ಟಿ. ತೂತು ಕೊರೆಯಲು ಮಾತ್ರ ಹಳೇ ಮೆಷಿನ್ನಿನ ಡ್ರಿಲ್ಲು. ಅದಕ್ಕೆ ಇವಳ ಅನುಮತಿ ಇತ್ತು.

ಕೈಗೆಲಸವೇ ಶ್ರೇಷ್ಠ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಐದನೇ ದಿನದಿಂದ ನನ್ನ ಬಲಭುಜ ಮೇಲೇಳಲಿಲ್ಲ. ರಾತ್ರಿ ಇವಳು ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಳು. ಆಚಾರ್ರನ್ನೇ ಕೇಳಿದೆ, ಮೆಷಿನ್ನು ಬಂದರೆ ನಿಮಗೆ ಬೇಜಾರಾಗಲ್ವೇ ಅಂತ. "ಎಂತದು ಬೇಜಾರು! ನನ್ನ ಪ್ರಾಯದಲ್ಲಿ ಅದು ಇದ್ದಿದ್ರೆ ಈ ಭುಜ ಹೀಗಿರ್ತಿತ್ತಾ? ತಗೊಳ್ಳಿ ನೀವು. ಬೆರಳು ಉಳಿಯೋ ಅಂಥದ್ದೇ ತಗೊಳ್ಳಿ" ಅಂದು ತಮ್ಮ ಎಡಗೈ ತೋರಿಸಿದರು. ತೋರುಬೆರಳಿನ ತುದಿ ಇಲ್ಲ. ಇಷ್ಟು ವರ್ಷ ನಾನು ಗಮನಿಸಿರಲೇ ಇಲ್ಲ. ಯಾರದೋ ವರ್ಕ್‌ಶಾಪಿನಲ್ಲಿ ಹೋದದ್ದಂತೆ.

ಗೌರಿ ಹಬ್ಬದ ಹಿಂದಿನ ದಿನ ಅಕ್ಕನ ಮನೆ ಜಗಲಿಯಲ್ಲಿ ಉಯ್ಯಾಲೆ ತೂಗುಹಾಕಿದೆವು. ಹಳೇ ಮನೆಯ ಸರಪಳಿಯೇ, ತುಕ್ಕು ತಿಕ್ಕಿ ಎಣ್ಣೆ ಹಚ್ಚಿದ್ದು. ಮೊದಲು ನಾನೂ ಅಳಿಯನೂ ಇಬ್ಬರೂ ಕೂತು ಭಾರ ನೋಡಿದೆವು. ಆಮೇಲೆ ಅಕ್ಕನನ್ನು ಕೂರಿಸಿದೆವು. ಕಾಲು ಮಡಚಲು ಆಗಲಿಲ್ಲ, ಇಳಿಬಿಟ್ಟೇ ಕೂತಳು. ಅಂಗೈಯಿಂದ ಹಲಗೆ ಸವರಿದಳು.

"ಇಲ್ಲೊಂದು ಚೂರು ತಗ್ಗುಂಟಲ್ಲ."

"ಅದು ನಾನು ಹೊಡೆದ ಜಾಗ, ಅಕ್ಕ. ಸರಿ ಮಾಡ್ತೀನಿ."

"ಬ್ಯಾಡ, ಇರ್ಲಿ. ಎಲೆಅಡಿಕೆ ತಟ್ಟೆ ಜಾರೂದಿಲ್ಲ."

ಹೊಸ ಮೆಷಿನ್ನು ಇನ್ನೂ ಬಂದಿಲ್ಲ. ಮುಂಗಡ ವಾಪಸ್ ಕೇಳಿಲ್ಲ. ಅಟ್ಟದಲ್ಲಿ ಇನ್ನೂ ಆರು ಹಲಗೆ ಇವೆ, ಆಚಾರ್ರಿಗೂ ನನಗೂ ಭುಜಗಳು ಮಾತ್ರ ಬೇರೆ ಇಲ್ಲ. ಅದಕ್ಕೇ ಕಾಯುತ್ತಿದ್ದೇನೆ. ಕೆಲಸ ಬೇಗ ಆಗಲಿ ಅಂತಲ್ಲ. ಮರೆವು ಬರುವ ವಯಸ್ಸಿಗೆ ಒಂದು ಮರೆವನ್ನಾದರೂ ಕ್ಷಮಿಸುವ ಯಂತ್ರ ಇರಲಿ ಅಂತ. ಗೋಡೆಯ ಗಾರೆ ಕಿತ್ತ ಗುರುತನ್ನು ಹಾಗೇ ಬಿಟ್ಟಿದ್ದೇನೆ. ಸ್ಟಾರ್ಟರಿನ ಹಸಿರು ಗುಂಡಿ ಒತ್ತುವಾಗ ಅದು ಕಣ್ಣಿಗೆ ಬೀಳಬೇಕು.

ನಿನ್ನೆ ಮತ್ತೆ ಫೋನು ಬಂತು. "ಸಾರ್, ದೀಪಾವಳಿಗೆ ಖಂಡಿತ." ಇವಳು ಒಳಗಿಂದಲೇ ಕೂಗಿದಳು: "ಯಾವ ವರ್ಷದ್ದು ಅಂತ ಕೇಳ್ರೀ!"