ಹೆಸರು ಕೇಳದ ರೇಡಿಯೊ

ಸುದ್ದಿ ಹೇಳುವ, ಹಾಡು ಕೇಳಿಸುವ ಉಪಕರಣಗಳು ನನ್ನ ಮನೆಯಲ್ಲಿ ಹಲವಿವೆ. ಅವುಗಳಲ್ಲಿ ನನ್ನ ಬಗ್ಗೆ ಏನನ್ನೂ ತಿಳಿಯಬಯಸದಿರುವುದು ಒಂದೇ, ಪುಟ್ಟ ಶಾರ್ಟ್‌ವೇವ್ ರೇಡಿಯೊ. ಫೋನಿಗೆ ನನ್ನ ನಂಬರು ಬೇಕು, ಓಟಿಪಿ ಬೇಕು, ನಾನಿರುವ ಜಾಗ ಗೊತ್ತಾಗಬೇಕು. ಟಿವಿ ಕೂಡ ಈಗೀಗ ಲಾಗಿನ್ ಆಗಿ ಅನ್ನುತ್ತದೆ. ರೇಡಿಯೊಗೆ ಇದ್ಯಾವುದೂ ಬೇಡ. ಏರಿಯಲ್ ಎಳೆದು, ಸ್ವಿಚ್ ಒತ್ತಿ, ಚಕ್ರ ತಿರುಗಿಸಿದರೆ ಸಾಕು, ಸಾವಿರಾರು ಮೈಲಿ ಆಚೆಯ ದನಿ ಕೋಣೆಯೊಳಗೆ ಬಂದು ನಿಲ್ಲುತ್ತದೆ. ಆ ದನಿಯ ಒಡೆಯನಿಗೆ ನಾನು ಯಾರೆಂದು ಗೊತ್ತಿಲ್ಲ. ನಾನು ಕೇಳುತ್ತಿದ್ದೇನೆ ಎಂಬುದೂ ಗೊತ್ತಿಲ್ಲ.

ನನ್ನ ರೇಡಿಯೊ ಅಂಗೈಗಿಂತ ತುಸು ದೊಡ್ಡದು. ಮೂರು ಸೆಲ್ಲು ಹಾಕಿದರೆ ವಾರಗಟ್ಟಲೆ ಬರುತ್ತದೆ. ಬಟ್ಟೆಯ ಚೀಲದಲ್ಲಿ ಅದರ ಜೊತೆಗೆ ನಾಲ್ಕಾರು ಮೀಟರ್ ತಂತಿ, ಒಂದು ಕ್ಲಿಪ್ಪು, ಇಯರ್‌ಫೋನು ಇರುತ್ತವೆ. ಬಸ್ಸಿನಲ್ಲಿ, ರೈಲಿನಲ್ಲಿ, ನೆಂಟರ ಮನೆಗೆ, ಎಲ್ಲಿಗೆ ಹೋದರೂ ಚೀಲ ಬರುತ್ತದೆ. ಜಾಗ ಬದಲಾದ ಹಾಗೆಲ್ಲ ಅದರೊಳಗಿನ ಲೋಕವೂ ಬದಲಾಗುವುದು ಈ ಚಿಕ್ಕ ಯಂತ್ರವನ್ನು ಜೊತೆಗಿಟ್ಟುಕೊಳ್ಳುವ ದೊಡ್ಡ ಸುಖ.

ಹೊತ್ತು ಬದಲಾದ ಹಾಗೂ ಅಷ್ಟೇ. ಶಾರ್ಟ್‌ವೇವ್ ದನಿ ನೆಲ ಹಿಡಿದು ಬರುವುದಿಲ್ಲ, ಆಕಾಶದಿಂದ ಬಾಗಿ ಬರುತ್ತದೆ. ನೆತ್ತಿಯ ಮೇಲೆ ಸುಮಾರು ಇನ್ನೂರರಿಂದ ನಾನೂರು ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಕಿರಣ ತಾಗಿ ವಿದ್ಯುತ್ಕಣಗಳಾಗಿ ಒಡೆದ ಗಾಳಿಯ ಪದರವಿದೆ. ಕೆಳಗಿನಿಂದ ಹೋದ ತರಂಗವನ್ನು ಅದು ಬಾಗಿಸಿ ಮತ್ತೆ ಭೂಮಿಗೆ ಕಳಿಸುತ್ತದೆ. ಒಂದೊಂದು ನೆಗೆತಕ್ಕೆ ಮೂರು ಸಾವಿರ ಕಿಲೋಮೀಟರ್ ದಾಟುವುದೂ ಉಂಟು. ಹಗಲಲ್ಲಿ ಅದರ ಕೆಳಗೆ ಇನ್ನೊಂದು ಪದರ ಹುಟ್ಟಿ ಕಡಿಮೆ ಕಂಪನಾಂಕದ ತರಂಗಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಹಾಗಾಗಿ ಮಧ್ಯಾಹ್ನ ಹೆಚ್ಚು ಕಂಪನಾಂಕದ 19 ಮೀಟರ್, 16 ಮೀಟರ್ ಬ್ಯಾಂಡುಗಳಲ್ಲಿ ಹುಡುಕಬೇಕು, ರಾತ್ರಿಯಾದರೆ ಕಡಿಮೆ ಕಂಪನಾಂಕದ 41ಕ್ಕೆ, 49ಕ್ಕೆ ಇಳಿಯಬೇಕು. ಹಗಲು ಸತ್ತಂತಿದ್ದ 49 ಮೀಟರ್ ಬ್ಯಾಂಡಿನಲ್ಲಿ ಸಂಜೆಯ ಹೊತ್ತು ಒಂದೊಂದೇ ಸ್ಟೇಷನ್ ತಲೆ ಎತ್ತುವುದನ್ನು ಕೇಳುತ್ತ ಕೂತರೆ ಭೂಮಿ ತಿರುಗುತ್ತಿರುವುದು ಕಿವಿಗೇ ಗೊತ್ತಾಗುತ್ತದೆ.

ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ. ಅವು ಹೆಚ್ಚಿದ ವರ್ಷಗಳಲ್ಲಿ ಮೇಲಿನ ಬ್ಯಾಂಡುಗಳು ಕಳೆಕಟ್ಟುತ್ತವೆ. ಸೂರ್ಯ ಸಿಡಿದ ದಿನ ಹಗಲಿನ ಕಡೆಯ ಬ್ಯಾಂಡುಗಳೆಲ್ಲ ಇದ್ದಕ್ಕಿದ್ದಂತೆ ಮೂಕಾಗುತ್ತವೆ. 2024ರ ಮೇ ತಿಂಗಳಲ್ಲಿ ಬಂದ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದುದನ್ನು ಜನ ಚಿತ್ರಗಳಲ್ಲಿ ನೋಡಿದರು. ಅಂಥ ಬಿರುಗಾಳಿಗಳ ಸುದ್ದಿ ಶಾರ್ಟ್‌ವೇವ್ ಕೇಳುಗನಿಗೆ ಪತ್ರಿಕೆಗಿಂತ ಮೊದಲೇ ತಲುಪುತ್ತದೆ. ಹದಿನೈದು ಕೋಟಿ ಕಿಲೋಮೀಟರ್ ದೂರದ ನಕ್ಷತ್ರದ ಆರೋಗ್ಯ ತಿಳಿಸುವ ಯಂತ್ರ ನನ್ನ ಚೀಲದಲ್ಲಿದೆ ಎಂಬುದು ನನಗೆ ಇಂದಿಗೂ ಹಳತಾಗದ ಬೆರಗು.

ಈ ದಾರಿಯಲ್ಲಿ ಬರುವ ದನಿ ಒಂದೇ ಸಮನೆ ಇರುವುದಿಲ್ಲ. ಜೋಕಾಲಿ ಜೀಕಿದ ಹಾಗೆ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಮುಖ್ಯವಾದ ಮಾತು ಬರುವ ಹೊತ್ತಿಗೆ ದೂರವಿದ್ದರೆ ಉಸಿರು ಬಿಗಿಹಿಡಿದು ಕಾಯಬೇಕು. ಹಾಗೆ ಕಾದು ಕೇಳಿದ ಸುದ್ದಿ ನೆನಪಿನಲ್ಲಿ ಉಳಿಯುತ್ತದೆ. ಬೆರಳಿನಿಂದ ಸರಿಸುತ್ತ ಹೋದ ನೂರು ಸುದ್ದಿಗಳಲ್ಲಿ ಸಂಜೆಗೆ ಒಂದೂ ಉಳಿದಿರುವುದಿಲ್ಲ. ಕೇಳುವುದಕ್ಕೂ ದುಡಿಮೆ ಬೇಕು ಎಂಬುದನ್ನು ನಾನು ಕಲಿತದ್ದು ಈ ರೇಡಿಯೊದಿಂದ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಆ ದುಡಿಮೆ ಇನ್ನೂ ಹೆಚ್ಚು. ಎಲ್ಇಡಿ ಬಲ್ಬು, ಫೋನಿನ ಚಾರ್ಜರ್, ಯುಪಿಎಸ್, ಪಕ್ಕದ ಮನೆಯ ಇಂಡಕ್ಷನ್ ಒಲೆ, ಒಂದೊಂದೂ ತನ್ನದೇ ಗೊರಗೊರ ಸದ್ದನ್ನು ಗಾಳಿಗೆ ಬಿಡುತ್ತದೆ. ಕಿವಿಗೆ ಕೇಳಿಸದ ಈ ಗಲಾಟೆ ರೇಡಿಯೊಗೆ ಕೇಳಿಸುತ್ತದೆ. ಸೆಲ್ಲಿನಲ್ಲೇ ನಡೆಸಬೇಕು, ಗೋಡೆಯಿಂದ ದೂರ ಕಿಟಕಿಯ ಬಳಿ ಇಡಬೇಕು, ಸಾಧ್ಯವಾದರೆ ತಾರಸಿಗೆ ಹೋಗಬೇಕು. ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಜೊತೆ ತಂತಿ ಕಟ್ಟಿ, ಅದರ ತುದಿಯನ್ನು ಏರಿಯಲ್‌ಗೆ ಕ್ಲಿಪ್ ಮಾಡಿದರೆ ಮಸುಕಾಗಿದ್ದ ದನಿಗೆ ಜೀವ ಬರುತ್ತದೆ.

ಶಿರಸಿ ಕಡೆಯ ನಮ್ಮ ಹಳ್ಳಿಗೆ ಹೋದಾಗಿನ ಮಾತೇ ಬೇರೆ. ಮಳೆಗಾಲದಲ್ಲಿ ಅಲ್ಲಿ ಮರ ಬಿದ್ದು ಕರೆಂಟು ಹೋಗುವುದು ಮಾಮೂಲು. ಉಳಿದವರು ಮೇಣದಬತ್ತಿ ಹುಡುಕುವಾಗ ನಾನು ರೇಡಿಯೊ ಹುಡುಕುತ್ತೇನೆ. ಇಡೀ ಊರಿನ ತಂತಿಗಳಲ್ಲಿ ವಿದ್ಯುತ್ ನಿಂತ ಕ್ಷಣ ಗೊರಗೊರವೂ ನಿಲ್ಲುತ್ತದೆ. ಅದರ ಅಡಿಯಲ್ಲಿ ಹೂತುಹೋಗಿದ್ದ ಸ್ಟೇಷನ್‌ಗಳು ತೊಳೆದಿಟ್ಟಷ್ಟು ಸ್ಪಷ್ಟವಾಗಿ ಎದ್ದುಬರುತ್ತವೆ. ಚೀನಾದವರ ಇಂಗ್ಲಿಷ್ ವಾರ್ತೆ, ರುಮೇನಿಯಾದ ಹಳ್ಳಿಯ ಪಿಟೀಲು, ಅರಬ್ಬಿ ಭಾಷೆಯ ದೀರ್ಘ ಆಲಾಪ. 10 ಮೆಗಾಹರ್ಟ್ಸ್ ಬಳಿ ಚೀನಾದ ಸಮಯ ಕೇಂದ್ರ ಸೆಕೆಂಡಿಗೊಂದು ಟಿಕ್ ಎನ್ನುತ್ತಿರುತ್ತದೆ. ನಮ್ಮ ಮನೆಯ ಗಡಿಯಾರಕ್ಕೆ ನಾನು ಹೊತ್ತು ಕೂಡಿಸುವುದು ಅದನ್ನು ಕೇಳಿ.

ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಎಂಬ ಬಗೆಯ ಪ್ರಸಾರವನ್ನೂ ಹಿಡಿಯುವ ರೇಡಿಯೊ ಆದರೆ ಇನ್ನೂ ಒಂದು ಲೋಕ ತೆರೆಯುತ್ತದೆ. 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬೆಳಗಿನ ಹೊತ್ತು ಹವ್ಯಾಸಿ ರೇಡಿಯೊ ಬಳಗದವರು, ಅಂದರೆ ಹ್ಯಾಮ್‌ಗಳು, ಪರಸ್ಪರ ಕುಶಲ ವಿಚಾರಿಸುತ್ತಿರುತ್ತಾರೆ. ಸಾಧಾರಣ ರೇಡಿಯೊದಲ್ಲಿ ಅದು ಬಾತುಕೋಳಿಯ ಕೂಗು. ಸೂಕ್ಷ್ಮ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಕೂಗು ಸಟ್ಟನೆ ಮನುಷ್ಯನ ಮಾತಾಗುತ್ತದೆ. ಊರಿನ ಮಳೆ, ಏರಿಯಲ್ಲಿನ ಎತ್ತರ, ಮಗಳ ಮದುವೆ, ಎಲ್ಲ ಅಲ್ಲಿ ಬರುತ್ತವೆ. ಈ ಮಾತುಕತೆ ಬರಿಯ ಕಾಲಹರಣ ಅಂದುಕೊಳ್ಳುವವರು 2004ರ ಡಿಸೆಂಬರ್ 26ನ್ನು ನೆನೆಯಬೇಕು. ಹ್ಯಾಮ್ ಪ್ರಯೋಗಕ್ಕೆಂದು ಭಾರತಿ ಪ್ರಸಾದ್ ಮತ್ತು ಸಂಗಡಿಗರು ಆಗ ಪೋರ್ಟ್ ಬ್ಲೇರಿನಲ್ಲಿದ್ದರು. ಸುನಾಮಿ ಬಡಿದು ಅಂಡಮಾನಿನ ಟೆಲಿಫೋನ್ ಸತ್ತಾಗ ಬದುಕಿರುವವರ ಸುದ್ದಿಯನ್ನು ಮುಖ್ಯ ಭೂಮಿಗೆ ಮುಟ್ಟಿಸಿದ್ದು ಅವರ ರೇಡಿಯೊ.

ಅದೇ 7 ಮೆಗಾಹರ್ಟ್ಸ್ ಬಳಿ ಚಕ್ರ ತಿರುಗಿಸುವಾಗ ನನ್ನ ಬೆರಳು ಒಂದು ಜಾಗದಲ್ಲಿ ತಾನಾಗಿ ನಿಧಾನಿಸುತ್ತದೆ. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ನಾಯಕರೆಲ್ಲ ಜೈಲು ಸೇರಿ, ಪತ್ರಿಕೆಗಳ ಬಾಯಿ ಕಟ್ಟಿದಾಗ, ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಗುಟ್ಟಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. 42.34 ಮೀಟರ್ ಅವರ ಜಾಗ. ಇಂದಿನ ಲೆಕ್ಕದಲ್ಲಿ ಸುಮಾರು 7.08 ಮೆಗಾಹರ್ಟ್ಸ್, ಅಂದರೆ ಇವತ್ತು ಹ್ಯಾಮ್‌ಗಳು ಹರಟುವ ಹರವಿನೊಳಗೇ. ಪೊಲೀಸರ ಕೈಗೆ ಸಿಗದಂತೆ ಮನೆಯಿಂದ ಮನೆಗೆ ಯಂತ್ರ ಹೊತ್ತು ತಿರುಗಿದರು. ಮೂರು ತಿಂಗಳು ತುಂಬುವುದರೊಳಗೆ, ನವೆಂಬರ್ 12ರಂದು, ಸಿಕ್ಕಿಬಿದ್ದರು. ಉಷಾ ಮೆಹ್ತಾ ಸೆರೆಯಿಂದ ಹೊರಬಂದದ್ದು 1946ರಲ್ಲಿ. ಪೊಲೀಸರು ಹೇಳುವವರನ್ನು ಹಿಡಿದರು. ಕತ್ತಲಲ್ಲಿ ರೇಡಿಯೊಗೆ ಕಿವಿ ಹಚ್ಚಿದ್ದವರನ್ನು ಹಿಡಿಯಲು ಅವರಿಗೆ ದಾರಿಯೇ ಇರಲಿಲ್ಲ. ಆ ಕೇಳುಗರ ಪಟ್ಟಿ ಯಾವ ಠಾಣೆಯಲ್ಲೂ ಇಲ್ಲ.

ಶಾರ್ಟ್‌ವೇವ್‌ನ ಚರಿತ್ರೆಯುದ್ದಕ್ಕೂ ಇದೇ ಕತೆ. ತುರ್ತುಪರಿಸ್ಥಿತಿಯಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಬಾರದ್ದನ್ನು ಜನ ಬಿಬಿಸಿಯಲ್ಲಿ ಕೇಳಿದರು. 1991ರ ಆಗಸ್ಟಿನಲ್ಲಿ ಸೋವಿಯತ್ ಅಧ್ಯಕ್ಷ ಗೊರ್ಬಚೆವ್ ಅವರನ್ನು ಕ್ರಿಮಿಯಾದ ಬಂಗಲೆಯಲ್ಲಿ ಕೂಡಿಹಾಕಿ ಫೋನು ಕತ್ತರಿಸಿದಾಗ, ಅವರ ಅಂಗರಕ್ಷಕರು ಹಳೆಯ ರೇಡಿಯೊಗೆ ಏರಿಯಲ್ ಹೊಂದಿಸಿಕೊಟ್ಟರು. ತಮ್ಮದೇ ರಾಜಧಾನಿಯಲ್ಲಿ ಏನಾಗುತ್ತಿದೆ ಎಂಬುದನ್ನು ಅಂಥ ಅಧಿಕಾರಸ್ಥರೂ ಲಂಡನ್ನಿನ ದನಿಯಿಂದ ತಿಳಿಯಬೇಕಾಯಿತು. ಆಳುವವರು ಕೈಕಟ್ಟಿ ಕೂತದ್ದೂ ಇಲ್ಲ. ಅದೇ ಜಾಗದಲ್ಲಿ ದೊಡ್ಡ ಗದ್ದಲ ಎಬ್ಬಿಸಿ ದನಿಯನ್ನು ಮುಳುಗಿಸಲು ಸೋವಿಯತ್ ಸರ್ಕಾರ ದಶಕಗಳ ಕಾಲ ಹೆಣಗಿತು. ಟಿಬೆಟನ್ ಭಾಷೆಯ ಪ್ರಸಾರಗಳ ಮೇಲೆ ಚೀನಾ ಡೋಲು ತಾಳಗಳ ಸಂಗೀತವನ್ನು ಸುರಿದದ್ದುಂಟು. ಗದ್ದಲ ಹುಟ್ಟಿಸಲು ಹಣ ಸುರಿದವರಿಗೂ ಬಾಗಿಲು ಹಾಕಿಕೊಂಡು ಕೇಳುತ್ತಿದ್ದವನ ವಿಳಾಸ ಮಾತ್ರ ಸಿಗಲಿಲ್ಲ.

ತನ್ನ ವಿಳಾಸವನ್ನು ಕೇಳುಗ ತಾನಾಗಿ ಕೊಡಲು ಒಂದು ಚೆಂದದ ಪದ್ಧತಿ ಇದೆ. ಕೇಳಿದ ದಿನ, ಹೊತ್ತು, ಕಂಪನಾಂಕ, ಕಾರ್ಯಕ್ರಮದ ವಿವರ ಬರೆದು, ದನಿಯ ಬಲ, ಅಡ್ಡ ಸ್ಟೇಷನ್, ಗೊರಗೊರ, ಏರಿಳಿತ, ಒಟ್ಟು ಗುಣ ಎಂಬ ಐದಕ್ಕೂ ಐದರೊಳಗೆ ಅಂಕ ಹಾಕಿ ಸ್ಟೇಷನ್‌ಗೆ ಕಳಿಸುವುದು. ಹೊತ್ತು ಬರೆಯುವಾಗ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು ಜಗತ್ತಿನ ಸಮಯ ಬರೆಯಬೇಕು. ವಿವರ ತಾಳೆಯಾದರೆ ಅವರು ಅದನ್ನು ದೃಢಪಡಿಸುವ ಕ್ಯೂಎಸ್ಎಲ್ ಕಾರ್ಡ್ ಕಳಿಸುತ್ತಾರೆ. ಈ ವರದಿ ಕೇಳುಗನ ಸ್ವಂತ ಇಚ್ಛೆಯ ಸಹಿ. ಕದ್ದು ಪಡೆದ ಮಾಹಿತಿಗೂ ಕೈಯಾರೆ ಬರೆದುಕೊಟ್ಟ ಸಾಕ್ಷಿಗೂ ಇರುವ ಅಂತರ ನನಗೆ ಆ ಕಾರ್ಡುಗಳನ್ನು ನೋಡುವಾಗೆಲ್ಲ ಹೊಸದಾಗಿ ಮನದಟ್ಟಾಗುತ್ತದೆ.

ಈಗ ಬ್ಯಾಂಡುಗಳು ಬರಿದಾಗುತ್ತಿವೆ. 2012ರ ಜೂನಿನಲ್ಲಿ ನೆದರ್ಲೆಂಡ್ಸ್ ಮತ್ತು ಕೆನಡಾ ತಮ್ಮ ವಿದೇಶ ಪ್ರಸಾರಗಳನ್ನು ಶಾರ್ಟ್‌ವೇವ್‌ನಲ್ಲಿ ನಿಲ್ಲಿಸಿದವು. 2017ರ ಜನವರಿಯಲ್ಲಿ ರೇಡಿಯೊ ಆಸ್ಟ್ರೇಲಿಯಾದ ಶಾರ್ಟ್‌ವೇವ್ ನಿಂತಿತು. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಫೋನು, ಇಂಟರ್ನೆಟ್ ಬಂದಾದಾಗ ಬಿಬಿಸಿ ಅಲ್ಲಿಗಾಗಿ ಶಾರ್ಟ್‌ವೇವ್‌ನಲ್ಲಿ ಹಿಂದಿಯ ಹೊತ್ತು ಹೆಚ್ಚಿಸಿತು, ಉರ್ದುವಿನಲ್ಲಿ ಹೊಸ ಕಾರ್ಯಕ್ರಮ ಆರಂಭಿಸಿತು. ವರ್ಷ ತಿರುಗುವ ಮೊದಲೇ, 2020ರ ಜನವರಿ 31ರಂದು, ಅದೇ ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಮುಗಿಯಿತು. ಉಕ್ರೇನಿನ ಮೇಲೆ ಯುದ್ಧ ಬಿದ್ದ ಬಳಿಕ, 2022ರ ಮಾರ್ಚಿನಲ್ಲಿ, ಬಿಬಿಸಿ ಅಲ್ಲಿಗಾಗಿ 15735 ಮತ್ತು 5875 ಕಿಲೋಹರ್ಟ್ಸ್‌ಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ಮತ್ತೆ ಪ್ರಸಾರ ತೆರೆಯಬೇಕಾಯಿತು. ಕೇಬಲ್ ತುಂಡಾಗಬಹುದು, ಗೋಪುರ ಉರುಳಬಹುದು, ಸ್ವಿಚ್ ಯಾರದೋ ಕೈಯಲ್ಲಿರಬಹುದು. ಆಕಾಶದ ಆ ಪದರಕ್ಕೆ ಸ್ವಿಚ್ ಇಲ್ಲ.

ಮುಚ್ಚುವವರು ಹೇಳುವ ಕಾರಣಗಳು ನನಗೆ ಅರ್ಥವಾಗುತ್ತವೆ. ವಿದ್ಯುತ್ ಖರ್ಚು ಬಹಳ, ಕೇಳುಗರು ಕಡಿಮೆಯಾಗಿದ್ದಾರೆ, ಎಷ್ಟು ಜನ ಕೇಳುತ್ತಾರೆ ಎಂಬ ಲೆಕ್ಕ ಸಿಗುವುದಿಲ್ಲ. ಇವುಗಳಲ್ಲಿ ಕೊನೆಯದನ್ನು ನಾನು ಒಪ್ಪಲಾರೆ. ಲೆಕ್ಕಕ್ಕೆ ಸಿಗದಿರುವುದೇ ಶಾರ್ಟ್‌ವೇವ್‌ನ ಬೆಲೆ. ಎಣಿಸಲು ಬರುವ ಕೇಳುಗನನ್ನು ಗುರುತಿಸಲೂ ಬರುತ್ತದೆ. ಗುರುತು ಸಿಗುವವನನ್ನು ತಡೆಯಲೂ ಬರುತ್ತದೆ.

ಕನ್ನಡಕ್ಕೂ ಇದರಲ್ಲಿ ಪಾಲಿದೆ. ಗಲ್ಫ್ ನಾಡುಗಳಿಗೆ ಆಕಾಶವಾಣಿಯ ವಿದೇಶ ಪ್ರಸಾರ ವಿಭಾಗ ಬಹುಕಾಲ ಶಾರ್ಟ್‌ವೇವ್‌ನಲ್ಲಿ ಕನ್ನಡ ಕಾರ್ಯಕ್ರಮ ಕಳಿಸುತ್ತಿತ್ತು. ದುಡಿಯಲು ಹೋದ ಕರಾವಳಿಯವನಿಗೆ ಮರುಭೂಮಿಯ ನಸುಕಿನಲ್ಲಿ ಸೆಲ್ಲು ಹಾಕಿದ ಪುಟ್ಟ ರೇಡಿಯೊದಿಂದ ತಾಯ್ನುಡಿ ಸಿಗುತ್ತಿತ್ತು. ಅದಕ್ಕೂ ಬಹಳ ಹಿಂದೆ, 1935ರಲ್ಲಿ, ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ 30 ವ್ಯಾಟಿನ ಯಂತ್ರ ಇಟ್ಟುಕೊಂಡು ಬಾನುಲಿ ಕೇಂದ್ರ ಶುರುಮಾಡಿದರು. ಇಂದು ಬೆಂಗಳೂರಿನ ಹೊರವಲಯದಲ್ಲಿ, ಯಲಹಂಕದ ಆಚೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ, ಆಕಾಶವಾಣಿಯ 500 ಕಿಲೋವ್ಯಾಟಿನ ಶಾರ್ಟ್‌ವೇವ್ ಕೇಂದ್ರವಿದೆ. ಆ ಶಕ್ತಿಯಲ್ಲಿ ದಿನಕ್ಕೊಂದು ಗಂಟೆ ಕನ್ನಡಕ್ಕೆಂದು ಮೀಸಲಾಗಬೇಕು ಎಂಬುದು ನನ್ನ ಕೋರಿಕೆ. ಅರಬ್ಬಿ ಸಮುದ್ರದ ಹಡಗಿನಲ್ಲಿರುವವನಿಗೆ, ನೆಟ್‌ವರ್ಕ್ ಸಿಗದ ಗಡಿ ಠಾಣೆಯ ಯೋಧನಿಗೆ, ನೆರೆ ಬಂದು ಟವರ್ ಬಿದ್ದ ಮಲೆನಾಡಿನ ಮನೆಗೆ ಅದು ಮುಟ್ಟುತ್ತದೆ.

ಆ ಕೋರಿಕೆ ಈಡೇರುವವರೆಗೆ ನಾನು ಮಾಡಬಹುದಾದದ್ದನ್ನು ಮಾಡುತ್ತಿದ್ದೇನೆ. ಕೇಳಿದ ಪ್ರಸಾರಗಳಿಗೆ ತಪ್ಪದೆ ವರದಿ ಬರೆಯುತ್ತೇನೆ. ಪರಿಚಯದ ಮಕ್ಕಳ ಹುಟ್ಟುಹಬ್ಬಕ್ಕೆ ಶಾರ್ಟ್‌ವೇವ್ ಇರುವ ಪುಟ್ಟ ರೇಡಿಯೊ ಕೊಟ್ಟು, ಚಕ್ರ ಹೇಗೆ ತಿರುಗಿಸಬೇಕು, ತಂತಿ ಎಲ್ಲಿ ಕಟ್ಟಬೇಕು, ಬಳಸದಿದ್ದಾಗ ಸೆಲ್ಲು ಯಾಕೆ ತೆಗೆದಿಡಬೇಕು ಎಂಬುದನ್ನು ತೋರಿಸಿಕೊಡುತ್ತೇನೆ. ಯಾರ ಅಪ್ಪಣೆಯೂ ಇಲ್ಲದೆ, ಯಾರ ಲೆಕ್ಕದ ಪುಸ್ತಕಕ್ಕೂ ಸೇರದೆ, ಜಗತ್ತಿನ ಮಾತನ್ನು ನೇರವಾಗಿ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗೂ ಆಗಬೇಕು. ಹಾಗೆ ಕೇಳಬಲ್ಲವರು ಊರಿಗೊಬ್ಬರಾದರೂ ಇದ್ದರೆ, ಎಲ್ಲ ದಾರಿಗಳೂ ಮುಚ್ಚಿದ ದಿನ ಆ ಊರಿಗೆ ಸುದ್ದಿ ಬರುತ್ತದೆ.