ನೀರಿನ ಅಭಿಸಾರ

ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಜೀವಕೋಶದ ಉಸಾಬರಿ ಏಕೆ ಎಂದು ಕೇಳುವ ಮಿತ್ರರು ನನಗೆ ಬಹಳ ಮಂದಿ ಇದ್ದಾರೆ. ಛಂದಸ್ಸು, ಅಲಂಕಾರ, ಹಳಗನ್ನಡದ ನಾಲ್ಕು ಪದ್ಯಗಳಲ್ಲಿ ಕಾಲ ಕಳೆಯಬೇಕಾದವನು ಬೇರಿನೊಳಕ್ಕೆ ನೀರು ಹೇಗೆ ಹೋಗುತ್ತದೆಂಬ ವಿಚಾರಕ್ಕೆ ಕೈಹಾಕಿದರೆ ಯಾರಿಗಾದರೂ ಆಶ್ಚರ್ಯವಾಗತಕ್ಕದ್ದೇ. ಆದರೆ ಗಲಗಲಿಯ ಆಸುಪಾಸಿನ ಹಳ್ಳಿಗಳಿಂದ ನಮ್ಮ ಕಾಲೇಜಿಗೆ ಬರುವ ಹುಡುಗ ಹುಡುಗಿಯರು ಹತ್ತನೆಯ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಕಲಿತವರು. ವಿಜ್ಞಾನ ವಿಭಾಗಕ್ಕೆ ಕಾಲಿಟ್ಟೊಡನೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ಈ ಸಂಕಟವನ್ನು ಕಂಡ ಜೀವಶಾಸ್ತ್ರದ ಉಪನ್ಯಾಸಕಿಯವರು, ವಾರಕ್ಕೊಂದು ಅವಧಿ ಬಂದು ಪಾರಿಭಾಷಿಕ ಪದಗಳನ್ನು ಬಿಡಿಸಿ ಹೇಳಿರೆಂದು ನನ್ನನ್ನು ಕೇಳಿಕೊಂಡರು. ಹೀಗೆ ನಾನು ಜೀವಕೋಶದ ಬಾಗಿಲಿಗೆ ಬಂದು ನಿಂತೆ.

ಗಲಗಲಿಯಲ್ಲಿ ಇದೇನು ಹೊಸ ಉದ್ಯೋಗವಲ್ಲ. ಸಂಸ್ಕೃತ ಪಂಡಿತರಿಗೆ ಹೆಸರಾದ ಈ ಊರಿನಲ್ಲಿಯೇ ಗಲಗಲಿ ಅವ್ವ ಎಂಬ ಹರಿದಾಸಿ, ಪುರಾಣದ ಕಥೆಗಳನ್ನು ಹೆಂಗಸರು ಕೆಲಸದ ನಡುವೆ ಹಾಡಿಕೊಳ್ಳಬಲ್ಲ ಕನ್ನಡಕ್ಕೆ ತಂದಳು. ನನ್ನ ಪಾಲಿಗೆ ಬಂದದ್ದು ಪುರಾಣವಲ್ಲ, ಆಸ್ಮಾಸಿಸ್!

ಆಸ್ಮಾಸಿಸ್ ಎಂದರೇನೆಂದು ಕೇಳಿದರೆ ಇಡೀ ತರಗತಿ ಒಂದೇ ಉಸಿರಿನಲ್ಲಿ ಇಂಗ್ಲಿಷ್ ವ್ಯಾಖ್ಯೆಯನ್ನು ಒಪ್ಪಿಸಿತು. ಕನ್ನಡದಲ್ಲಿ ಏನೆನ್ನುತ್ತಾರೆ? ‘ಅಭಿಸರಣೆ.’ ಹಾಗೆಂದರೆ? ಉತ್ತರವಿಲ್ಲ. ಎರಡು ಭಾಷೆಯ ಎರಡು ಪದಗಳೂ ಬಾಯಲ್ಲಿವೆ. ಅರ್ಥ ಮಾತ್ರ ಎರಡರ ಸಂದಿನಲ್ಲಿ ಬಿದ್ದುಹೋಗಿದೆ. ಆಗ ನನಗೆ ನನ್ನ ಅಲಂಕಾರಶಾಸ್ತ್ರವೇ ನೆರವಿಗೆ ಬಂದಿತು. ‘ಅಭಿ’ ಎಂದರೆ ಕಡೆಗೆ. ‘ಸೃ’ ಧಾತುವಿಗೆ ಚಲಿಸು ಎಂದರ್ಥ. ಭರತಮುನಿಯು ಹೇಳುವ ಎಂಟು ನಾಯಿಕೆಯರಲ್ಲಿ ಅಭಿಸಾರಿಕೆ ಎಂಬವಳೊಬ್ಬಳಿದ್ದಾಳೆ. ನಲ್ಲನು ಬರಲೆಂದು ಕಾಯುತ್ತ ಕೂರದೆ, ಮನೆಯ ಹೊಸ್ತಿಲು ದಾಟಿ ತಾನೇ ಅವನಿದ್ದೆಡೆಗೆ ಹೊರಡುವವಳು. ನೀರೂ ಹಾಗೆಯೇ. ಅದರ ಹೊಸ್ತಿಲೆಂದರೆ ಜೀವಕೋಶದ ಪೊರೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದದ್ದು, ಬೇಕಾದುದನ್ನು ಆಯ್ದು ಬಿಡತಕ್ಕದ್ದು. ಆ ಪೊರೆಯಲ್ಲಿ ನೀರಿಗೆಂದೇ ಸಣ್ಣ ಬಾಗಿಲುಗಳಿವೆ. ಅಮೆರಿಕದ ಪೀಟರ್ ಆಗ್ರೆ 1992ರಲ್ಲಿ ಅವುಗಳ ಗುಟ್ಟನ್ನು ಬಯಲಿಗೆಳೆದು 2003ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇನ್ನು ನಲ್ಲನಾರು? ಉಪ್ಪು, ಸಕ್ಕರೆ, ನೀರಿನಲ್ಲಿ ಕರಗಿ ನಿಂತ ಯಾವುದಾದರೂ ಸರಿ. ಪೊರೆಯ ಯಾವ ಮಗ್ಗುಲಲ್ಲಿ ಅದು ಹೆಚ್ಚಾಗಿದೆಯೋ ಆ ಮಗ್ಗುಲಿಗೆ ನೀರು ಹೊರಡುತ್ತದೆ.

ಹುಡುಗಿಯರು ಮುಸಿಮುಸಿ ನಕ್ಕರು. ನಗಲಿ, ನಕ್ಕ ಪಾಠ ಮರೆಯುವುದಿಲ್ಲ. ಮುಂದಿನದನ್ನು ಅವರೇ ಹೇಳತೊಡಗಿದರು. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿಟ್ಟರೆ ಊಟದ ಹೊತ್ತಿಗೆ ಬಟ್ಟಲ ತುಂಬ ನೀರು ನಿಲ್ಲುವುದೇಕೆ, ವಿಜಯಪುರದ ಒಣದ್ರಾಕ್ಷಿ ರಾತ್ರಿ ನೀರಿನಲ್ಲಿ ನೆನೆದರೆ ಬೆಳಿಗ್ಗೆ ಕೆನ್ನೆ ಉಬ್ಬಿಸಿಕೊಳ್ಳುವುದೇಕೆ, ಎಲ್ಲವೂ ಅವರ ಅಡುಗೆಮನೆಯಲ್ಲೇ ಇತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಸಾಮಾನ್ಯವಾಗಿ ಮಾತನಾಡದವನು.

“ಹಂಗಾದ್ರ ಸರ, ನಮ್ಮ ಹೊಲದಾಗ ನೀರು ಉಲ್ಟಾ ಹೊಂಟೈತೇನ್ರಿ?”

ತರಗತಿ ನಿಶ್ಶಬ್ದವಾಯಿತು. ಏಕೆಂದರೆ ಅದು ಅವನೊಬ್ಬನ ಹೊಲದ ಮಾತಾಗಿರಲಿಲ್ಲ.

ನಗರದ ಓದುಗರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಒಂದು ಕಾಲದಲ್ಲಿ ಈ ಸೀಮೆಯಲ್ಲಿ ಬೇಸಿಗೆಗೆ ಕೃಷ್ಣೆ ಬತ್ತುತ್ತಿದ್ದಳು. ಸರಕಾರವನ್ನು ಕಾದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ನದಿಗೆ ತಾವೇ ಬ್ಯಾರೇಜು ಕಟ್ಟಿಕೊಂಡರು. ‘ಶ್ರಮಬಿಂದು ಸಾಗರ’ ಎಂಬ ಅದರ ಹೆಸರೇ ಅದರ ಕಥೆ. ನೀರು ಬಂದಿತು, ನೀರಿನ ಹಿಂದೆ ಕಬ್ಬು ಬಂದಿತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ನೀರನ್ನು ಬೆವರು ಸುರಿಸಿ ತಂದವರಿಗೆ ಅದನ್ನು ಕಡಿಮೆ ಬಳಸಿರೆಂದು ಹೇಳುವ ಎದೆಗಾರಿಕೆ ಯಾರಿಗಿದೆ? ಎರೆಭೂಮಿಯಾದರೋ ಕುಡಿದ ನೀರನ್ನು ಬೇಗ ಬಿಟ್ಟುಕೊಡುವ ಜಾತಿಯಲ್ಲ. ವರ್ಷವಿಡೀ ಹಾಯಿಸಿದ ನೀರು ಕೆಳಗಿಳಿದು ತಂಗಿ, ಅಂತರ್ಜಲವನ್ನು ಬೇರಿನ ಸಮೀಪಕ್ಕೆ ಏರಿಸುತ್ತದೆ. ಅಲ್ಲಿಂದ ಅದು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಮೇಲೇರಿ ಬಿಸಿಲಿಗೆ ಆವಿಯಾಗುತ್ತದೆ. ಜೊತೆಗೆ ತಂದ ಉಪ್ಪನ್ನು ಮಾತ್ರ ನೆಲದ ಮೇಲೆ ಬಿಟ್ಟು ಹೋಗುತ್ತದೆ. ನೀರು ನಿಂತು ಕೆಟ್ಟ ನೆಲವನ್ನು ಜವಳೆಂದೂ ಉಪ್ಪೇರಿ ಕೆಟ್ಟ ನೆಲವನ್ನು ಸವಳೆಂದೂ ನಮ್ಮ ಜನ ಕರೆಯುತ್ತಾರೆ. ನಸುಕಿನಲ್ಲಿ ನೋಡಿದರೆ ಅಂಥ ಹೊಲ ಬೆಳದಿಂಗಳು ಬಿದ್ದಂತೆ ಬೆಳ್ಳಗಿರುತ್ತದೆ. ನೋಡಲು ಬಲು ಚೆಂದ, ಬೆಳೆಗೆ ಮೃತ್ಯು.

ಆ ಹುಡುಗ ಕೇಳಿದ್ದು ಇದನ್ನೇ. ಬೇರಿನೊಳಗಿನ ರಸಕ್ಕಿಂತ ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ನೀರು ಬೇರಿನೊಳಕ್ಕೆ ಬರಲೊಲ್ಲದು. ಒಳಗಿದ್ದದ್ದೂ ಹೊರಕ್ಕೆ ಹೊರಡುತ್ತದೆ. ಕಬ್ಬು ಉಪ್ಪನ್ನು ಬಹಳ ಸಹಿಸುವ ಪೈರಲ್ಲ. ಕಾಲಡಿ ನೀರು ನಿಂತಿರುವಾಗಲೇ ಬಾಯಾರಿ ಗರಿ ಒಣಗಿಸಿಕೊಳ್ಳುತ್ತದೆ. ಒಣಗಿದ ಗರಿಯನ್ನು ಕಂಡ ತಂದೆ ಇನ್ನಷ್ಟು ನೀರು ಬಿಡುತ್ತಾನೆ. ಅವನ ಕಣ್ಣಿಗೆ ಕಾಣುವುದು ಬಾಯಾರಿಕೆಯೊಂದೇ.

ಇದೇ ಅಭಿಸಾರವು ಜೀವ ಉಳಿಸಿದ ಸಂದರ್ಭವೂ ಉಂಟು. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾಗಿ ಸಾಯುತ್ತಿದ್ದಾಗ, ರಕ್ತನಾಳಕ್ಕೆ ಹನಿಸುವ ಲವಣದ್ರಾವಣ ಮುಗಿಯತೊಡಗಿತು. ಡಾ. ದಿಲೀಪ ಮಹಲನಬೀಸ್ ಉಪ್ಪು, ಅಡಿಗೆ ಸೋಡಾ ಮತ್ತು ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಲು ಹೇಳಿದರು. ಕರುಳಿನ ಕೋಶಗಳಲ್ಲಿ ಒಂದು ವಿಶೇಷ ದ್ವಾರವಿದೆ. ಸೋಡಿಯಂ ಮತ್ತು ಗ್ಲೂಕೋಸು ಕೈಕೈ ಹಿಡಿದು ಬಂದರೆ ಮಾತ್ರ ಅದು ತೆರೆಯುತ್ತದೆ. ಈ ಜೋಡಿ ಒಳಹೊಕ್ಕರೆ ನೀರು ಹಿಂದೆಯೇ ಬರುತ್ತದೆ. ಶೇಕಡಾ 30ರ ಸುಮಾರಿನಲ್ಲಿದ್ದ ಸಾವು, ಇದನ್ನು ಕುಡಿದವರಲ್ಲಿ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಮನೆಮನೆಯಲ್ಲಿರುವ ಓ.ಆರ್.ಎಸ್. ಪೊಟ್ಟಣದ ಗುಟ್ಟು ಇಷ್ಟೇ.

ಮುಂದಿನ ವಾರದ ಪದ ‘ಹೋಮಿಯೋಸ್ಟಾಸಿಸ್’. 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಹುಟ್ಟಿಸಿದ ಈ ಪದಕ್ಕೆ ನಾವು ‘ಸಮಸ್ಥಿತಿ’ ಎನ್ನುತ್ತೇವೆ. ನನಗೆ ಈ ಅನುವಾದ ಪೂರ್ತಿ ಒಪ್ಪಿಗೆಯಾಗಿಲ್ಲ. ದಾರಿಯ ಮೇಲೆ ಬಿದ್ದ ಕಲ್ಲೂ ಸಮಸ್ಥಿತಿಯಲ್ಲಿರುತ್ತದೆ! ಒಡಲಿನ ಸಮಸ್ಥಿತಿಯಾದರೋ ಎಡೆಬಿಡದ ದುಡಿಮೆ. ಕೋಶದ ಪೊರೆಯ ಪಂಪುಗಳು ಒಂದೊಂದು ಸುತ್ತಿಗೂ ಮೂರು ಸೋಡಿಯಂ ಕಣಗಳನ್ನು ಹೊರಕ್ಕೆ ನೂಕಿ, ಎರಡು ಪೊಟ್ಯಾಸಿಯಂ ಕಣಗಳನ್ನು ಒಳಕ್ಕೆಳೆಯುತ್ತವೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಹೊರಹಾಕಿ, ಉಳಿದುದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಉಪ್ಪು ಹೆಚ್ಚಾದ ದಿನ ಬಾಯಾರಿಕೆ, ಬಳಿಕ ಮೂತ್ರ. ಬಂದದ್ದು ಹೋಗಲು ದಾರಿಯಿರುವುದರಿಂದಲೇ ಒಳಗೆ ಸಮವಾಗಿದೆ.

“ಹೊಲಕ್ಕ ಮೂತ್ರಪಿಂಡ ಇಲ್ಲಲ್ರಿ,” ಎಂದ ಅದೇ ಹುಡುಗ.

“ಮಾಡಿಕೊಡಬೇಕಾಗುತ್ತದಪ್ಪಾ. ಬಸಿಗಾಲುವೆಯೆಂದರೆ ಅದೇ,” ಎಂದರು ಉಪನ್ಯಾಸಕಿ. ನೆಲದಡಿ ರಂಧ್ರವಿರುವ ಕೊಳವೆಗಳನ್ನು ಹೂಳುವುದು ಇನ್ನೊಂದು ಕ್ರಮ. ಸೋಡಿಯಂ ಅಂಟಿಕೊಂಡ ಮಣ್ಣಿಗೆ ಜಿಪ್ಸಂ ಹಾಕಿ ತೊಳೆಯುವುದುಂಟು. ಕಬ್ಬಿಗೆ ಹನಿ ನೀರಾವರಿ ಮಾಡಿದರೆ ತಂಗುವ ನೀರೇ ಕಡಿಮೆಯಾಗುತ್ತದೆ. ಆದರೆ ಸೇರಿದ ಉಪ್ಪು ನೀರಿನೊಡನೆ ಹೊರಬೀಳದೆ ಯಾವ ಉಪಾಯವೂ ಪೂರ್ತಿಯಾಗದು.

ಮರುದಿನ ಅವನು ಹೊಲದ ಮೇಲಿನ ಬಿಳಿ ಪುಡಿಯನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಂಡು ಬಂದ. ಒಂದು ಬಟ್ಟಲಿನಲ್ಲಿ ಅದನ್ನು ಕದಡಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಎರಡರಲ್ಲೂ ಬಟಾಟೆಯ ಹೋಳುಗಳು. ಬೆಳಗಾಗುವಷ್ಟರಲ್ಲಿ ಒಂದರ ಹೋಳು ಸೆಟೆದು ಗಟ್ಟಿಯಾಗಿತ್ತು. ಇನ್ನೊಂದರದು ತೊಯ್ದ ಬಟ್ಟೆಯಂತೆ ಜೋಲುತ್ತಿತ್ತು.

“ಸರ, ಇವನ್ನ ಮನೀಗೆ ಒಯ್ಯಲೇನ್ರಿ? ನಮ್ಮಪ್ಪಗ ತೋರಸಬೇಕು.”

ಒಯ್ದ. ಸಂತೆಯ ದಿನ ಅವನ ತಂದೆಯೇ ಕಾಲೇಜಿನವರೆಗೆ ಬಂದರು. ಬಟಾಟೆಯ ವಿಚಾರದಲ್ಲಿ ಅವರಿಗೆ ಸಂದೇಹವೇನೂ ಉಳಿದಿರಲಿಲ್ಲ. “ಬಸಿಗಾಲುವಿ ತೋಡೂದೇನ ದೊಡ್ಡ ಮಾತಲ್ರಿ, ಸರ. ಆ ನೀರು ಹಳ್ಳಕ್ಕ ಮುಟ್ಟಬೇಕಂದ್ರ ಕೆಳಗಿನ ಮೂರು ಹೊಲ ದಾಟಬೇಕು. ಅವ್ರು ಒಪ್ಪಬೇಕಲ್ರಿ?” ಎಂದರು. ಇದಕ್ಕೆ ಜೀವಶಾಸ್ತ್ರದಲ್ಲಿಯೂ ಉತ್ತರವಿರಲಿಲ್ಲ, ಕಾವ್ಯಮೀಮಾಂಸೆಯಲ್ಲಿಯೂ ಇರಲಿಲ್ಲ. ಆ ಮೂರು ಹೊಲದವರ ಪೈಕಿ ಒಬ್ಬರ ಮಗಳು ಅದೇ ತರಗತಿಯಲ್ಲಿ ಮುಂದಿನ ಬೆಂಚಿನ ಮೇಲೆ ಕೂಡುತ್ತಾಳೆ. ಅಭಿಸಾರಿಕೆಯ ಮಾತಿಗೆ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. ಎರಡು ದಿನ ಬಿಟ್ಟು ಅವಳೂ ಎರಡು ಬಟ್ಟಲುಗಳನ್ನು ಕೇಳಿ ಮನೆಗೆ ಒಯ್ದಳು.